ವ್ಯಾಕ್ಸಿಂಗ್‌ಗೆ ಮೊದಲು ಹತ್ತು ನಿಮಿಷದ ಮಾತುಕತೆ

ದೇಹದ ಅನಗತ್ಯ ಕೂದಲನ್ನು ತೆಗೆಯುವುದು ನಮಗೆ ಕೇವಲ ಅಲಂಕಾರದ ವಿಷಯವಲ್ಲ. ಕಂಕುಳಿನ ಕೂದಲನ್ನೂ ಹೊಕ್ಕುಳ ಕೆಳಗಿನ ಕೂದಲನ್ನೂ ತೆಗೆಯುವುದು ಮನುಷ್ಯ ಪ್ರಕೃತಿಗೆ, ಅಂದರೆ ಫಿತ್ರತ್‌ಗೆ ಸೇರಿದ ಕಾರ್ಯಗಳೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಇದನ್ನು 40 ದಿನಗಳಿಗಿಂತ ಹೆಚ್ಚು ಮುಂದೂಡಬಾರದೆಂದು ಹಝ್ರತ್ ಅನಸ್(ರ)ರವರ ವರದಿಯೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಿಂದೆ ಈ ಕೆಲಸ ಮನೆಯ ಸ್ನಾನದ ಕೋಣೆಯಲ್ಲೇ ಮುಗಿಯುತ್ತಿತ್ತು. ಇಂದು ಆರ್.ಟಿ. ನಗರ, ಹೆಬ್ಬಾಳ, ಯಲಹಂಕ, ಯಶವಂತಪುರದ ಕಡೆ ರಸ್ತೆ ರಸ್ತೆಗೂ ಬ್ಯೂಟಿ ಪಾರ್ಲರ್‌ಗಳಿವೆ. ಮೊಬೈಲಿನಲ್ಲಿ ಬುಕ್ ಮಾಡಿದರೆ ಬ್ಯೂಟಿಷಿಯನ್ ಮನೆ ಬಾಗಿಲಿಗೇ ಬರುತ್ತಾರೆ. ಪರ್ದಾ ಪಾಲಿಸುವ ಎಷ್ಟೋ ಸಹೋದರಿಯರಿಗೆ ಇದು ಅನುಕೂಲವೇ.

ಆದರೆ ಬಿಸಿ ವ್ಯಾಕ್ಸ್ ಚರ್ಮಕ್ಕೆ ತಗಲುವ ಮೊದಲು ನಡೆಯಬೇಕಾದ ಒಂದು ಕೆಲಸ ಹೆಚ್ಚಿನ ಕಡೆ ನಡೆಯುವುದೇ ಇಲ್ಲ. ಅದು ಮಾತುಕತೆ. ನಿಮಗೆ ಯಾವ ಕಾಯಿಲೆ ಇದೆ, ಯಾವ ಮಾತ್ರೆ ನುಂಗುತ್ತಿದ್ದೀರಿ, ಮುಖಕ್ಕೆ ಏನು ಹಚ್ಚುತ್ತಿದ್ದೀರಿ ಎಂದು ಕೇಳುವ ಹತ್ತು ನಿಮಿಷ. ಆ ಹತ್ತು ನಿಮಿಷ ಉಳಿಸಲು ಹೋಗಿ ಚರ್ಮ ಕಿತ್ತುಬಂದರೆ ವಾರಗಟ್ಟಲೆ ನೋವು ತಿನ್ನಬೇಕಾಗುತ್ತದೆ.

ವ್ಯಾಕ್ಸ್ ಏನು ಮಾಡುತ್ತದೆ?

ರೇಜರ್ ಕೂದಲನ್ನು ಚರ್ಮದ ಮಟ್ಟದಲ್ಲಿ ಕತ್ತರಿಸುತ್ತದೆ. ವ್ಯಾಕ್ಸ್ ಬುಡಸಮೇತ ಕೀಳುತ್ತದೆ. ಕೂದಲಿನ ಜೊತೆಗೆ ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನೂ ಎಳೆದು ತರುತ್ತದೆ. ಆದ್ದರಿಂದ ವ್ಯಾಕ್ಸಿಂಗ್ ಆದ ಒಂದೆರಡು ದಿನ ಕೂದಲಿನ ರಂಧ್ರಗಳು ತೆರೆದಿರುತ್ತವೆ, ಚರ್ಮದ ರಕ್ಷಣೆ ಕಡಿಮೆಯಾಗಿರುತ್ತದೆ. ಆರೋಗ್ಯವಂತರಲ್ಲಿ ಸ್ವಲ್ಪ ಕೆಂಪಾಗಿ, ಉರಿದು, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಚರ್ಮ ಮೊದಲೇ ತೆಳುವಾಗಿದ್ದರೆ ಅಥವಾ ಗಾಯ ಬೇಗ ಮಾಯದ ಕಾಯಿಲೆ ಇದ್ದರೆ ಕಥೆ ಬೇರೆ.

2007ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ 20 ವರ್ಷದ ಯುವತಿಯ ಪ್ರಕರಣವನ್ನು ವರದಿ ಮಾಡಿದರು. ಆಕೆಗೆ ಟೈಪ್ 1 ಮಧುಮೇಹವಿತ್ತು, ಸಕ್ಕರೆ ಹತೋಟಿಯಲ್ಲಿರಲಿಲ್ಲ. ಗುಪ್ತಭಾಗದ ವ್ಯಾಕ್ಸಿಂಗ್ ಮಾಡಿಸಿದ ಬಳಿಕ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಮತ್ತು ಹರ್ಪಿಸ್ ವೈರಸ್ ಎರಡೂ ತಗಲಿ ಪ್ರಾಣಕ್ಕೇ ಅಪಾಯ ಬಂತು. ಇಂಥದ್ದು ಅಪರೂಪ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅಂದರೆ ಪಾರ್ಲರಿನ ಕುರ್ಚಿಯಲ್ಲಿ ಕೂರುವವರಲ್ಲಿ ಸಕ್ಕರೆ ಕಾಯಿಲೆಯವರು ಖಂಡಿತ ಇರುತ್ತಾರೆ. 'ನಿಮಗೆ ಶುಗರ್ ಇದೆಯಾ?' ಎಂಬ ಒಂದು ಪ್ರಶ್ನೆಗೆ ಎಷ್ಟು ಬೆಲೆ ಇದೆಯೆಂದು ನೀವೇ ಅಂದಾಜು ಮಾಡಿ.

ನೀವು ಮುಚ್ಚಿಡದೆ ಹೇಳಬೇಕಾದ ಸಂಗತಿಗಳು

ಕೇಳದಿದ್ದರೂ ನೀವಾಗಿಯೇ ಹೇಳಿ. ಸಂಕೋಚ ಬೇಡ.

1. ಮೊಡವೆಯ ಮಾತ್ರೆ: ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯನ್ನು ಚರ್ಮವೈದ್ಯರು ತೀವ್ರ ಮೊಡವೆಗೆ ಕೊಡುತ್ತಾರೆ. ಇದನ್ನು ನುಂಗುತ್ತಿರುವಾಗ, ನಿಲ್ಲಿಸಿದ ಮೇಲೂ 6 ತಿಂಗಳವರೆಗೆ ವ್ಯಾಕ್ಸಿಂಗ್ ಮಾಡಿಸಬಾರದು. ಪಟ್ಟಿ ಎಳೆದಾಗ ಚರ್ಮವೂ ಕಿತ್ತು ಬರಬಹುದು.

2. ಮುಖದ ಕ್ರೀಮ್: ಟ್ರೆಟಿನಾಯಿನ್, ಅಡಾಪಲೀನ್ ಇರುವ ಕ್ರೀಮ್‌ಗಳನ್ನು ವ್ಯಾಕ್ಸಿಂಗ್‌ಗೆ 2ರಿಂದ 5 ದಿನ ಮೊದಲೇ ನಿಲ್ಲಿಸಬೇಕು. ಇಲ್ಲಿ ನಮ್ಮ ಮನೆಗಳ ಒಂದು ದೊಡ್ಡ ಸಮಸ್ಯೆ ಇದೆ. ಬಣ್ಣ ಬೆಳ್ಳಗಾಗಲೆಂದು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತರುವ ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿರುವವು ಇವೆ. ಹಚ್ಚುವವರು ಅದನ್ನು ಔಷಧಿಯೆಂದು ತಿಳಿದಿರುವುದೇ ಇಲ್ಲ, 'ಫೇರ್‌ನೆಸ್ ಕ್ರೀಮ್' ಎನ್ನುತ್ತಾರೆ. ಸ್ಟಿರಾಯ್ಡ್ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅಂಥ ಮುಖದ ಮೇಲೆ, ಮೇಲ್ದುಟಿಯ ಮೇಲೆ ವ್ಯಾಕ್ಸ್ ಎಳೆದರೆ ಗಾಯವಾಗಿ ಕಪ್ಪು ಕಲೆ ಉಳಿಯಬಹುದು. ಟ್ಯೂಬನ್ನೇ ಕೈಚೀಲದಲ್ಲಿ ಒಯ್ದು ತೋರಿಸಿ.

3. ಇತರ ಔಷಧಿಗಳು: ರಕ್ತ ತೆಳುಗೊಳಿಸುವ ಮಾತ್ರೆ, ಸ್ಟಿರಾಯ್ಡ್ ಮಾತ್ರೆ.

4. ಕಾಯಿಲೆಗಳು: ಮಧುಮೇಹ, ಕಾಲಿನಲ್ಲಿ ಉಬ್ಬಿದ ರಕ್ತನಾಳ, ಎಕ್ಸಿಮಾ, ಸೋರಿಯಾಸಿಸ್, ಚರ್ಮದ ಸೋಂಕು, ಪದೇ ಪದೇ ಬರುವ ಹರ್ಪಿಸ್ ಗುಳ್ಳೆ.

5. ಅಲರ್ಜಿ: ಹಲವು ವ್ಯಾಕ್ಸ್‌ಗಳಲ್ಲಿ ಪೈನ್ ಮರದ ಅಂಟಾದ ರೋಸಿನ್ ಇರುತ್ತದೆ. ಕೆಲವರಿಗೆ ಇದು ಒಗ್ಗುವುದಿಲ್ಲ. ಬ್ಯಾಂಡೇಜ್ ಅಂಟಿನಿಂದ, ಸುಗಂಧದಿಂದ ಹಿಂದೆ ತುರಿಕೆ ಬಂದಿದ್ದರೆ ತಿಳಿಸಿ.

6. ಗರ್ಭಿಣಿಯಾಗಿದ್ದರೆ ಅಥವಾ ಮುಟ್ಟಿನ ದಿನಗಳಾಗಿದ್ದರೆ: ಈ ಸಮಯದಲ್ಲಿ ನೋವು ಹೆಚ್ಚು ತಿಳಿಯುತ್ತದೆ. ದಿನ ಬದಲಿಸಬಹುದು.

7. ಇತ್ತೀಚೆಗೆ ಮುಖಕ್ಕೆ ಪೀಲಿಂಗ್ ಅಥವಾ ಲೇಸರ್ ಮಾಡಿಸಿದ್ದರೆ, ಬಿಸಿಲಿಗೆ ಚರ್ಮ ಸುಟ್ಟಿದ್ದರೆ, ಮಚ್ಚೆ ಅಥವಾ ನರುಳ್ಳೆ ಇದ್ದರೆ: ಆ ಜಾಗಕ್ಕೆ ವ್ಯಾಕ್ಸ್ ಹಚ್ಚಬಾರದು.

ಗಲ್ಲದ ಮೇಲೆ, ದವಡೆಯ ಮೇಲೆ ಇದ್ದಕ್ಕಿದ್ದಂತೆ ದಪ್ಪ ಕೂದಲು ಬೆಳೆಯುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಮೊದಲು ಹೋಗಬೇಕಾದುದು ಪಾರ್ಲರಿಗಲ್ಲ, ವೈದ್ಯರ ಬಳಿಗೆ. ಅದು ಪಿಸಿಒಎಸ್ ಎಂಬ ಹಾರ್ಮೋನ್ ಸಮಸ್ಯೆಯ ಲಕ್ಷಣವಾಗಿರಬಹುದು. ಕೂದಲು ಕಿತ್ತರೆ ಕಾರಣ ವಾಸಿಯಾಗುವುದಿಲ್ಲ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಯಶವಂತಪುರಕ್ಕೆ ಹತ್ತಿರದ ಎಂ.ಎಸ್. ರಾಮಯ್ಯ ಆಸ್ಪತ್ರೆ, ಶಿವಾಜಿನಗರದ ಸರಕಾರಿ ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ಮತ್ತು ಸ್ತ್ರೀರೋಗ ವೈದ್ಯರು ಸಿಗುತ್ತಾರೆ.

ನೀವು ಕೇಳಬೇಕಾದ ಪ್ರಶ್ನೆಗಳು

ಮಾತುಕತೆ ಎಂದರೆ ಅವರು ಕೇಳುವುದು, ನಾವು ಉತ್ತರಿಸುವುದು ಮಾತ್ರವಲ್ಲ. ನೀವೂ ಕೇಳಿ.

ವ್ಯಾಕ್ಸ್‌ನ ಡಬ್ಬಿ ತೋರಿಸುವಿರಾ? ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಬಳಸುವ ಕೊನೆಯ ದಿನಾಂಕ ಅದರ ಮೇಲೆ ಇರಬೇಕು. ಹೆಸರಿಲ್ಲದ ಡಬ್ಬಿಯಿಂದ ಸುರಿದ ವ್ಯಾಕ್ಸ್ ಬೇಡವೆನ್ನಿ.

ಒಬ್ಬರ ಮೈಗೆ ತಾಗಿದ ಕಡ್ಡಿಯನ್ನು ಮತ್ತೆ ವ್ಯಾಕ್ಸ್ ಪಾತ್ರೆಗೆ ಅದ್ದುತ್ತೀರಾ? 'ವ್ಯಾಕ್ಸ್ ಬಿಸಿ ಇರುತ್ತದೆ, ಕ್ರಿಮಿ ಸಾಯುತ್ತದೆ' ಎಂಬ ಉತ್ತರವನ್ನು ಒಪ್ಪಬೇಡಿ. ಚರ್ಮ ತಡೆಯುವಷ್ಟು ಬಿಸಿಯಲ್ಲಿ ಕ್ರಿಮಿಗಳು ಸಾಯುತ್ತವೆಂದು ನಂಬುವಂತಿಲ್ಲ. ಪ್ರತಿ ಬಾರಿಯೂ ಹೊಸ ಕಡ್ಡಿ, ಇಲ್ಲವೇ ನಿಮಗಾಗಿಯೇ ಬೇರೆ ಬಟ್ಟಲಿಗೆ ತೆಗೆದ ವ್ಯಾಕ್ಸ್ ಇರಬೇಕು. ಹೊಸ ಕೈಗವಸು, ಒಗೆದ ಟವೆಲ್ ಅಥವಾ ಬಿಸಾಡುವ ಹಾಳೆಯನ್ನೂ ಕೇಳಿ.

ಪ್ಯಾಚ್ ಟೆಸ್ಟ್ ಮಾಡುವಿರಾ? ಮೊದಲ ಬಾರಿ ಹೋಗುವವರಿಗೆ, ಹೊಸ ವ್ಯಾಕ್ಸ್ ಬಳಸುವವರಿಗೆ ಇದು ಅವಶ್ಯ. ಮುಂಗೈ ಒಳಬದಿಯ ಒಂದು ಸಣ್ಣ ಜಾಗದಲ್ಲಿ ಹಚ್ಚಿ ತೆಗೆದು, 24ರಿಂದ 48 ಗಂಟೆ ಕಾಯಬೇಕು. ತುರಿಕೆ, ಗುಳ್ಳೆ, ಊತ ಬರದಿದ್ದರೆ ಮುಂದುವರಿಯಬಹುದು. ಬ್ಯೂಟಿಷಿಯನ್ ಮನೆಗೆ ಬರುವುದಾದರೆ ಎರಡು ದಿನ ಮೊದಲೇ ಫೋನಿನಲ್ಲಿ ಮಾತಾಡಿ ಇದಕ್ಕೆ ವ್ಯವಸ್ಥೆ ಮಾಡಿಕೊಳ್ಳಿ.

ಕೂದಲು ಎಷ್ಟು ಉದ್ದ ಇರಬೇಕು? ಸುಮಾರು 6 ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳಿನಷ್ಟು. ಅಷ್ಟು ಬೆಳೆಯಲು ಸಾಮಾನ್ಯವಾಗಿ 3-4 ವಾರ ಸಾಕು. ಇದು 40 ದಿನಗಳ ಮಿತಿಯೊಳಗೇ ಬರುತ್ತದೆ.

'ಇವತ್ತು ಬೇಡ ಮೇಡಂ, ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬನ್ನಿ' ಎಂದು ಯಾರಾದರೂ ವಾಪಸ್ ಕಳುಹಿಸಿದರೆ ಬೇಸರಿಸಬೇಡಿ. ಬರುವ ಹಣವನ್ನು ಬಿಟ್ಟು ನಿಮ್ಮ ಚರ್ಮ ಉಳಿಸಿದವರು ಅವರು. ಅಂಥ ಪಾರ್ಲರನ್ನು ಬಿಡಬೇಡಿ.

ಪರ್ದಾ ಮತ್ತು ಒಪ್ಪಿಗೆ

ನಮ್ಮ ಸಹೋದರಿಯರಿಗೆ ಈ ಮಾತುಕತೆಯಿಂದ ಇನ್ನೊಂದು ಲಾಭವಿದೆ. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಬಟ್ಟೆ ಸರಿಸುವ ಮೊದಲೇ ಹೇಳಿಬಿಡಬಹುದು. ಒಬ್ಬ ಸ್ತ್ರೀ ಇನ್ನೊಬ್ಬ ಸ್ತ್ರೀಯ ಔರತ್ ನೋಡಬಾರದೆಂಬ ಆದೇಶ ಹದೀಸ್‌ನಲ್ಲಿದೆ. ಹೊಕ್ಕುಳಿನಿಂದ ಮೊಣಕಾಲಿನವರೆಗಿನ ಭಾಗವನ್ನು ಅನಿವಾರ್ಯವಿಲ್ಲದೆ ಇನ್ನೊಬ್ಬ ಸ್ತ್ರೀಯ ಮುಂದೆಯೂ ತೆರೆಯಬಾರದೆಂದು ಉಲಮಾಗಳು ವಿವರಿಸಿದ್ದಾರೆ. ಆದ್ದರಿಂದ 'ಕೈ ಮತ್ತು ಮೊಣಕಾಲಿನ ಕೆಳಗೆ ಮಾತ್ರ' ಎಂದು ಸ್ಪಷ್ಟವಾಗಿ ಹೇಳಿ. ಉಳಿದದ್ದನ್ನು ಮನೆಯಲ್ಲಿ ನೀವೇ ಮಾಡಿಕೊಳ್ಳಿ. ಹುಬ್ಬು ಕೀಳುವುದನ್ನು ಹದೀಸ್ ನಿಷೇಧಿಸಿರುವುದರಿಂದ 'ಫುಲ್ ಫೇಸ್ ಪ್ಯಾಕೇಜ್' ಎಂದಾಗ ಅದರಲ್ಲಿ ಏನೇನು ಸೇರಿದೆ ಎಂದು ಕೇಳಿ. ಒಳಗೆ ಗಂಡಸರು ಬರುತ್ತಾರೆಯೇ, ಕೋಣೆಯಲ್ಲಿ ಕ್ಯಾಮರಾ ಇದೆಯೇ ಎಂದು ವಿಚಾರಿಸುವುದು ನಿಮ್ಮ ಹಕ್ಕು. ಹದಿಹರೆಯದ ಮಗಳನ್ನು ಒಬ್ಬಳನ್ನೇ ಕಳುಹಿಸಬೇಡಿ. ತಾಯಿ ಜೊತೆಗಿದ್ದು ಮಾತಾಡಲಿ.

ವ್ಯಾಕ್ಸಿಂಗ್ ಮಾಡಲೇಬೇಕೆಂಬ ಕಡ್ಡಾಯ ಧರ್ಮದಲ್ಲಿ ಇಲ್ಲ ಎಂಬುದೂ ನೆನಪಿರಲಿ. ಕಂಕುಳಿನ ಕೂದಲು ಕೀಳುವುದು ಸುನ್ನತ್ ಎಂದು ಗೊತ್ತಿದ್ದರೂ ನೋವು ತಡೆಯಲಾಗದ್ದರಿಂದ ಇಮಾಮ್ ಶಾಫಿಈ(ರ) ಬೋಳಿಸಿಕೊಳ್ಳುತ್ತಿದ್ದರೆಂಬ ವರದಿ ಇದೆ. ಉದ್ದೇಶ ಶುಚಿತ್ವ. ನಿಮ್ಮ ಚರ್ಮಕ್ಕೆ ವ್ಯಾಕ್ಸ್ ಆಗದಿದ್ದರೆ ಕತ್ತರಿ ಇದೆ, ಟ್ರಿಮ್ಮರ್ ಇದೆ.

ಸೌಂದರ್ಯ ಮತ್ತು ವೈದ್ಯ ಬೇರೆ ಬೇರೆಯಲ್ಲ ಎಂಬುದು ನಮ್ಮ ಪರಂಪರೆಗೆ ಹೊಸದೇನಲ್ಲ. ಕ್ರಿ.ಶ. 1013ರ ಸುಮಾರಿಗೆ ನಿಧನರಾದ ಸ್ಪೇನಿನ ಮಹಾವೈದ್ಯ ಅಬುಲ್ ಖಾಸಿಮ್ ಅಝ್ಝಹ್ರಾವಿ ತಮ್ಮ 30 ಸಂಪುಟಗಳ ವೈದ್ಯಕೋಶದಲ್ಲಿ 19ನೇ ಸಂಪುಟವನ್ನು ಸುಗಂಧ ಮತ್ತು ಪ್ರಸಾಧನಗಳಿಗೇ ಮೀಸಲಿಟ್ಟರು. ಅಲಂಕಾರದ ವಸ್ತುಗಳನ್ನು ಅವರು ಔಷಧಿಗಳ ಸಾಲಿನಲ್ಲೇ ಇಟ್ಟು ನೋಡಿದರು. ಔಷಧಿ ಕೊಡುವ ಮೊದಲು ರೋಗಿಯನ್ನು ವಿಚಾರಿಸುವಂತೆ ಇಲ್ಲಿಯೂ ವಿಚಾರಿಸಬೇಕು.

ಯಾವ ದಿನ ಮಾಡಿಸಬೇಕು?

ನಿಕಾಹ್‌ನ ಹಿಂದಿನ ದಿನ ಮದುಮಗಳಿಗೆ ಮೊದಲ ಬಾರಿ ವ್ಯಾಕ್ಸಿಂಗ್ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಅಲರ್ಜಿ ಬಂದರೆ ಮದುವೆಯ ದಿನವೇ ಕೈಕಾಲಿನ ತುಂಬ ಗುಳ್ಳೆ! ಒಂದು ತಿಂಗಳು ಮೊದಲು ಸಣ್ಣ ಭಾಗಕ್ಕೆ ಮಾಡಿಸಿ ನೋಡಿ. ಕೊನೆಯ ಸಲ ಮೆಹಂದಿಗೆ ಎರಡು ದಿನ ಮೊದಲು ಇರಲಿ. ಈದ್‌ನ ಚಾಂದ್ ರಾತ್‌ನಲ್ಲಿ ಪಾರ್ಲರ್‌ಗಳು ತುಂಬಿ ತುಳುಕುತ್ತವೆ. ಆ ಗದ್ದಲದಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ರಂಝಾನ್‌ನ ಕೊನೆಯ ವಾರದ ಆರಂಭದಲ್ಲೇ ಹೋಗಿಬನ್ನಿ.

ಹೆಗಡೆ ನಗರ ಸಮೀಪದ ತಿರುಮೇನಹಳ್ಳಿಯ ಹಜ್ ಭವನದಿಂದ ಹಜ್‌ಗೆ ಹೊರಡುವವರು, ಉಮ್ರಾಗೆ ಹೋಗುವವರು ಇನ್ನೂ ಎಚ್ಚರವಹಿಸಬೇಕು. ಇಹ್ರಾಮ್ ಧರಿಸಿದ ಮೇಲೆ ಕೂದಲು ತೆಗೆಯುವಂತಿಲ್ಲ, ಸುಗಂಧ ಹಚ್ಚುವಂತಿಲ್ಲ. ಹಿಂದಿನ ರಾತ್ರಿ ವ್ಯಾಕ್ಸಿಂಗ್ ಮಾಡಿಸಿ ಚರ್ಮ ಉರಿಯತೊಡಗಿದರೆ ಪರಿಮಳದ ಲೋಶನ್ ಕೂಡ ಹಚ್ಚಲಾಗದು. ಮೇಲೆ ಮಕ್ಕಾದ ಬಿಸಿಲು, ಬೆವರು. ಕನಿಷ್ಠ ಮೂರು ದಿನ ಮೊದಲು ಮುಗಿಸಿ, ಸುಗಂಧವಿಲ್ಲದ ಕ್ರೀಮ್ ಜೊತೆಗಿಟ್ಟುಕೊಳ್ಳಿ. ಉದ್‌ಹಿಯ್ಯಃ ಅಂದರೆ ಖುರ್ಬಾನಿ ಕೊಡುವವರು ದುಲ್‌ಹಜ್ ಚಂದ್ರದರ್ಶನಕ್ಕೆ ಮೊದಲೇ ಕೂದಲು, ಉಗುರು ತೆಗೆದುಕೊಳ್ಳಬೇಕೆಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮಾಡಿಸಿದ ಬಳಿಕ

ಚರ್ಮಕ್ಕೆ ಅಂಟಿದ ವ್ಯಾಕ್ಸ್ ನೀರನ್ನು ತಡೆಯುತ್ತದೆ. ವುಝೂ ಅಥವಾ ಕಡ್ಡಾಯ ಸ್ನಾನಕ್ಕೆ ಮೊದಲು ಮೊಣಕೈ, ಬೆರಳ ಸಂದು, ಪಾದದ ಹತ್ತಿರ ಸವರಿ ನೋಡಿ, ಉಳಿದಿದ್ದರೆ ಕೊಬ್ಬರಿ ಎಣ್ಣೆಯಿಂದ ಮೃದುವಾಗಿ ತೆಗೆಯಿರಿ. ಎರಡು ದಿನ ಬಿಸಿನೀರ ಸ್ನಾನ, ಅತ್ತರ್, ಬಿಗಿಯಾದ ಲೆಗಿಂಗ್ಸ್ ಬೇಡ. ಬುರ್ಖಾದೊಳಗೆ ಸಡಿಲ ಹತ್ತಿ ಬಟ್ಟೆ ಧರಿಸಿ. ಬೆವರು ಮತ್ತು ತಿಕ್ಕಾಟದಿಂದಲೇ ಕೂದಲಿನ ಬುಡದಲ್ಲಿ ಕೀವುಗುಳ್ಳೆ ಏಳುತ್ತದೆ. ವ್ಯಾಕ್ಸ್‌ನಿಂದ ಸುಟ್ಟರೆ ಟೂತ್‌ಪೇಸ್ಟ್, ಐಸ್ ಇಡಬೇಡಿ. 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಕೆಂಪು ಹರಡುತ್ತಿದ್ದರೆ, ಕೀವಾದರೆ, ಜ್ವರ ಬಂದರೆ ವೈದ್ಯರನ್ನು ಕಾಣಿ. ಮಧುಮೇಹ ಇರುವವರು ಒಂದು ದಿನವೂ ತಡಮಾಡಬಾರದು.

ಪಾರ್ಲರ್ ನಡೆಸುವ ಸಹೋದರಿಯರಿಗೊಂದು ಮಾತು

ಆರ್.ಟಿ. ನಗರ, ಗಂಗಾನಗರ, ಥಣಿಸಂದ್ರದ ಕಡೆ ಮನೆಯ ಒಂದು ಕೋಣೆಯಲ್ಲೇ ಪಾರ್ಲರ್ ನಡೆಸಿ ಸಂಸಾರ ಸಾಗಿಸುವ ಸಹೋದರಿಯರು ನೀವಿದ್ದೀರಿ. ಒಂದು ನೋಟ್‌ಬುಕ್ ಸಾಕು. ಗ್ರಾಹಕರ ಹೆಸರು, ಕಾಯಿಲೆ, ಔಷಧಿ, ಅಲರ್ಜಿ, ಪ್ಯಾಚ್ ಟೆಸ್ಟ್‌ನ ದಿನಾಂಕ ಬರೆದಿಡಿ. ಅದು ಅಮಾನತ್, ಇನ್ನೊಬ್ಬರಿಗೆ ತೋರಿಸಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಹಣ ಪಡೆದು ಕೊಡುವ ಸೇವೆಯ ಲೋಪಕ್ಕೆ ಗ್ರಾಹಕರು ದೂರು ಕೊಡಬಹುದು. ಆ ಪುಸ್ತಕ ನಿಮಗೂ ರಕ್ಷಣೆ. ಕಾನೂನಿಗಿಂತ ಮೊದಲು, ಯಾರಿಗೂ ಹಾನಿ ಮಾಡಬಾರದು ಎಂಬ ಪ್ರವಾದಿ(ಸ)ರವರ ಬೋಧನೆ ಇದೆ. ಅದನ್ನು ವ್ಯಾಕ್ಸ್ ಬಿಸಿ ಮಾಡುವ ಮೊದಲು ಒಮ್ಮೆ ನೆನೆಯಿರಿ.

ನಮ್ಮ ಶರೀರ ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಸೊತ್ತು. ಅದನ್ನು ಶುಚಿಯಾಗಿಡಲು ಹೊರಟಾಗ ಅದಕ್ಕೆ ಗಾಯವಾಗದಂತೆ ನೋಡಿಕೊಳ್ಳುವುದೂ ಶುಚಿತ್ವದ ಭಾಗವೇ. ಮುಂದಿನ ಸಲ ಅಪಾಯಿಂಟ್‌ಮೆಂಟ್ ಕೇಳುವಾಗ ದರದ ಪಟ್ಟಿಯ ಜೊತೆಗೆ ಇದನ್ನೂ ಕೇಳಿ: 'ಮೊದಲು ಹತ್ತು ನಿಮಿಷ ಕೂತು ಮಾತಾಡಬಹುದೇ?'