ಬಡಾವಣೆಗೊಂದು ಪುಸ್ತಕಭಂಡಾರ

ಗ್ರಂಥಾಲಯ ಬೇಕೇ ಎಂದು ಯಾರನ್ನು ಕೇಳಿದರೂ ಬೇಕೆಂದೇ ಹೇಳುವರು. ಬೇಡವೆಂದವರನ್ನು ನಾನು ಇದುವರೆಗೆ ಕಂಡಿಲ್ಲ. ರಸ್ತೆಯ ಅಗಲದ ವಿಷಯದಲ್ಲಿ, ಮದ್ಯದಂಗಡಿಯ ವಿಷಯದಲ್ಲಿ, ಕಡೆಗೆ ಗಣಪತಿಯ ಚಪ್ಪರವನ್ನು ಯಾವ ಮೂಲೆಯಲ್ಲಿ ಹಾಕಬೇಕೆಂಬ ವಿಷಯದಲ್ಲಿಯೂ ಒಂದು ಬಡಾವಣೆಯಲ್ಲಿ ಎರಡು ಪಕ್ಷಗಳು ಏಳುವುದುಂಟು. ಗ್ರಂಥಾಲಯಕ್ಕೆ ಮಾತ್ರ ವಿರೋಧಿಗಳಿಲ್ಲ. ಆದರೆ ವಿರೋಧಿಗಳಿಲ್ಲದ ಕಾರ್ಯಕ್ಕೆ ಸಹಾಯಕರು ತಾವಾಗಿಯೇ ಒದಗುವರೆಂದು ತಿಳಿಯುವಂತಿಲ್ಲ. ಎಲ್ಲರೂ ತಲೆದೂಗಿ, ಯಾರೂ ಎದ್ದು ಬಾರದೆ ನಿಂತುಹೋದ ಸತ್ಕಾರ್ಯಗಳು ನಮ್ಮಲ್ಲಿ ಕಡಮೆಯೇನಲ್ಲ. ಒಪ್ಪಿಗೆ ಬೇರೆ, ಬೆಂಬಲ ಬೇರೆ. ಒಂದು ಹೊಸ ಸಾರ್ವಜನಿಕ ಗ್ರಂಥಾಲಯಕ್ಕೆ ಜನರ ಒಪ್ಪಿಗೆಯನ್ನು ಬೆಂಬಲವಾಗಿ ಮಾರ್ಪಡಿಸುವುದು ಹೇಗೆಂಬುದನ್ನು ನಮ್ಮ ವಿಜಯನಗರವನ್ನು ಎದುರಿಗಿಟ್ಟುಕೊಂಡು ವಿಚಾರ ಮಾಡಬಹುದಾಗಿದೆ.

ವಿಜಯನಗರವು ಮೈಸೂರಿನ ವಾಯವ್ಯಕ್ಕೆ ಹಂತಹಂತವಾಗಿ ಬೆಳೆದ ಬಡಾವಣೆ. ಮೊದಲನೆಯ ಹಂತದಲ್ಲಿ ಯೋಗಾನರಸಿಂಹಸ್ವಾಮಿಯ ದೇವಸ್ಥಾನವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಭವನವೂ ಇದೆ. ಪಕ್ಕದಲ್ಲಿಯೇ ಹಿನಕಲ್, ಬಡಾವಣೆಗಿಂತ ಎಷ್ಟೋ ಹಳೆಯದಾದ ಊರು. ಇಲ್ಲಿ ನಿವೃತ್ತ ಅಧಿಕಾರಿಗಳೂ ಅಧ್ಯಾಪಕರೂ ಇದ್ದಾರೆ. ಅವರ ಮನೆಗಳಲ್ಲಿ ಪುಸ್ತಕದ ಬೀರುಗಳಿವೆ. ಅದೇ ಮನೆಗಳಲ್ಲಿ ಪಾತ್ರೆ ತೊಳೆಯುವವರ, ಗೋಡೆ ಕಟ್ಟುವವರ, ತರಕಾರಿ ಗಾಡಿ ತಳ್ಳುವವರ ಮಕ್ಕಳೂ ಈ ಸುತ್ತಿನಲ್ಲಿಯೇ ಓದುತ್ತಿದ್ದಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲನೆಯವಳು. ಆದುದರಿಂದ ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ. ಇಂಥ ಮನೆಗಳಲ್ಲಿ ಕೊರತೆಯಿರುವುದು ಪುಸ್ತಕಕ್ಕೆ ಮಾತ್ರವಲ್ಲ. ಪುಸ್ತಕವನ್ನು ಬಿಚ್ಚಿಟ್ಟುಕೊಂಡು ಎರಡು ಗಂಟೆ ಯಾರೂ ಏಳಿಸದಂತೆ ಕೂರುವ ಸ್ಥಳಕ್ಕೆ. ಅಡಿಗೆ, ನಿದ್ರೆ, ನೆಂಟರು, ದೂರದರ್ಶನ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುವಾಗ ಮೇಜು, ಕುರ್ಚಿ, ದೀಪ ಇವೇ ಗ್ರಂಥಾಲಯದ ಮೊದಲ ಸಂಪತ್ತು. ಇಂದು ಪುಸ್ತಕಗಳೆಲ್ಲ ಕೈಯೊಳಗಿನ ಫೋನಿನಲ್ಲಿಯೇ ಸಿಕ್ಕುವಾಗ ಗ್ರಂಥಾಲಯವೇಕೆ ಎಂದು ಕೇಳುವವರುಂಟು. ಮೇಜು ಫೋನಿನಲ್ಲಿ ಸಿಕ್ಕುವುದಿಲ್ಲ.

ಮೈಸೂರಿಗೆ ಗ್ರಂಥಾಲಯ ಹೊಸದೇನಲ್ಲ. ೧೮೯೧ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯಲ್ಲಿಯೇ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಸಂಗತಿ ಎಲ್ಲರಿಗೂ ತಿಳಿದದ್ದು. ಆದರೆ ಅದು ವಿದ್ವಾಂಸರ ಭಂಡಾರ. ದಾರಿಯಲ್ಲಿ ಹೋಗುವವನು ಒಳಗೆ ಬಂದು ಪತ್ರಿಕೆ ತೆರೆದು ಕೂರಬಹುದಾದ ಸಾರ್ವಜನಿಕ ಗ್ರಂಥಾಲಯವು ಮೈಸೂರು ಬೆಂಗಳೂರುಗಳಲ್ಲಿ ಬಂದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಅಂದು ಅದು ಅರಸರ ಕೊಡುಗೆ. ಮುಂದೆ ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಬಂದ ಮೇಲೆ ಕೊಡುಗೆಯ ಮಾತು ಮುಗಿಯಿತು. ಈ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆಯಲ್ಲಿ ಗ್ರಂಥಾಲಯ ಕರವೆಂಬುದನ್ನೂ ವಸೂಲು ಮಾಡುತ್ತಾರೆ. ಈಗ ಅದರ ದರ ತೆರಿಗೆಯ ನೂರಕ್ಕೆ ಆರು.

ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕಂದಾಯದ ರಸೀತಿಯನ್ನು ಜೋಪಾನವಾಗಿ ಮಡಿಸಿ ಪೆಟ್ಟಿಗೆಯಲ್ಲಿಡುವ ನಮ್ಮ ಹಿರಿಯರು ಅದರೊಳಗಿನ ಸಾಲುಗಳನ್ನು ಓದುವುದು ಅಪರೂಪ. ಐದು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು ಅದರ ಮೇಲೆ ಮುನ್ನೂರು ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಟ್ಟಿರುತ್ತಾರೆ. ಅಂಥ ಸಾವಿರ ಮನೆಗಳಿದ್ದರೆ ವರ್ಷಕ್ಕೆ ಮೂರು ಲಕ್ಷ. ಹತ್ತು ವರ್ಷಕ್ಕೆ ಮೂವತ್ತು ಲಕ್ಷ. ಬಾಡಿಗೆಯ ಮನೆಯವನು ಕೊಡುವ ಬಾಡಿಗೆಯಲ್ಲಿಯೂ ಇದರ ಒಂದು ಪಾಲು ಅಡಗಿದೆ. ಈ ಹಣ ಆಯಾ ಬೀದಿಗೇ ನೇರವಾಗಿ ಹಿಂತಿರುಗುವುದಿಲ್ಲ, ನಿಜ. ಸ್ಥಳೀಯ ಸಂಸ್ಥೆ ವಸೂಲು ಮಾಡಿ ಗ್ರಂಥಾಲಯದ ನಿಧಿಗೆ ದಾಟಿಸಬೇಕು. ಹಾಗೆ ದಾಟದೆ ಬಾಕಿ ನಿಂತಿರುವ ಸಮಾಚಾರವನ್ನು ರಾಜ್ಯದ ಬೇರೆ ಬೇರೆ ನಗರಗಳ ವಿಷಯವಾಗಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹಾಗಿದ್ದರೂ, ಗ್ರಂಥಾಲಯವನ್ನು ಕೇಳುವವನು ದಾನ ಕೇಳುತ್ತಿಲ್ಲ, ತಾನು ಕೊಟ್ಟದ್ದರ ಲೆಕ್ಕ ಕೇಳುತ್ತಿದ್ದಾನೆ ಎಂಬ ಅರಿವು ಮೊದಲು ಹುಟ್ಟಬೇಕು. ಈ ಅರಿವಿಲ್ಲದೆ ನಡೆಯುವ ಪ್ರಯತ್ನಗಳೆಲ್ಲ ಚಂದಾ ಪುಸ್ತಕ ಹಿಡಿದು ಮನೆಮನೆ ತಿರುಗುವಲ್ಲಿಗೆ ಮುಗಿಯುತ್ತವೆ. ಹನಿಗೂಡಿದರೆ ಹಳ್ಳವೆಂಬ ಗಾದೆ ಸುಳ್ಳಲ್ಲ; ಆದರೆ ನಮ್ಮ ಹಳ್ಳ ಮೊದಲೇ ಎಲ್ಲಿಯೋ ಹರಿಯುತ್ತಿರುವಾಗ ಹೊಸದಾಗಿ ಹನಿ ಕೂಡಿಸಲು ಹೊರಡುವುದು ವಿಚಿತ್ರವೇ ಸರಿ.

ಮರುಕದಿಂದ ಬರುವ ಸಹಾಯಕ್ಕೂ ನಿಂತ ಬೆಂಬಲಕ್ಕೂ ಇರುವ ಭೇದವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಇದೇ ಮೈಸೂರಿನ ಇನ್ನೊಂದು ಮಗ್ಗುಲಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು ಒಂದು ಪುಸ್ತಕಭಂಡಾರವನ್ನು ನಡೆಸುತ್ತಿದ್ದರು. ಅವರು ಶಾಲೆಯ ಮುಖ ಕಂಡವರಲ್ಲ. ತಮಗೆ ದೊರೆಯದ ವಿದ್ಯೆ ಸುತ್ತಲಿನವರಿಗೆ ದೊರೆಯಲಿ, ತಮ್ಮ ಬೀದಿಯ ಜನ ಕನ್ನಡ ಓದಲಿ ಎಂಬ ಆಸೆಯಿಂದ ತಮ್ಮ ಕೂಲಿಯ ಹಣದಲ್ಲಿಯೇ ದಿನಪತ್ರಿಕೆಗಳನ್ನು ತರಿಸಿ, ಹತ್ತು ವರ್ಷಗಳಲ್ಲಿ ಸುಮಾರು ಹನ್ನೊಂದು ಸಾವಿರ ಪುಸ್ತಕಗಳನ್ನು ಕೂಡಿಸಿದ್ದರು. ಅವುಗಳಲ್ಲಿ ಬಹುಪಾಲು ಕನ್ನಡದವು. ಭಗವದ್ಗೀತೆಯ ಪ್ರತಿಗಳೂ ಇದ್ದವು, ಕುರಾನ್ ಬೈಬಲ್‌ಗಳೂ ಇದ್ದವು. ೨೦೨೧ರ ಏಪ್ರಿಲ್ ೯ರ ಬೆಳಗಿನ ಜಾವ ಅದು ಬೆಂಕಿಗೆ ಆಹುತಿಯಾಯಿತು. ಸುದ್ದಿ ಹರಡಿದೊಡನೆ ದೇಶದ ನಾನಾ ಕಡೆಗಳಿಂದ, ಪರದೇಶಗಳಿಂದಲೂ ನೆರವು ಹರಿದುಬಂದು ಕೆಲವೇ ದಿನಗಳಲ್ಲಿ ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರಿತು. ಅವರ ಹೆಸರು ತಿಳಿಯದವರು, ಕನ್ನಡದ ಅಕ್ಷರ ಬಾರದವರು ಕೂಡ ಕೊಟ್ಟರು. ಇದು ಹೆಮ್ಮೆಯ ವಿಷಯವೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಭಂಡಾರ ಸುಟ್ಟ ಮೇಲೆ ಬಂದ ಕೈಗಳು, ಅದು ಒಬ್ಬ ಕೂಲಿಯವನ ದುಡಿಮೆಯ ಮೇಲೆ ನಿಂತಿದ್ದ ಹತ್ತು ವರ್ಷ ಎಲ್ಲಿದ್ದವು? ನೂರಾರು ಮನೆಗಳಿಂದ ಕರ ಎತ್ತುವ ಒಂದು ನಗರದಲ್ಲಿ ಪತ್ರಿಕೆಯ ಬಿಲ್ಲನ್ನು ಒಳಚರಂಡಿಯ ಕೆಲಸ ಮಾಡುವವರೊಬ್ಬರು ಕಟ್ಟಬೇಕಾಗಿ ಬಂದದ್ದನ್ನು ಹೊಗಳಿ ಸುಮ್ಮನಾಗುವುದು ಸುಲಭ. ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ ಅಂಕೇಗೌಡರು ಬಸ್ ನಿರ್ವಾಹಕರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಮೈಸೂರಿನ ಆಸ್ತಿಯನ್ನೂ ಮಾರಿ ಲಕ್ಷಗಟ್ಟಲೆ ಪುಸ್ತಕಗಳ ‘ಪುಸ್ತಕ ಮನೆ’ ಕಟ್ಟಿದುದನ್ನು ಕೇಳಿದಾಗಲೂ ಇದೇ ಪ್ರಶ್ನೆ ಏಳುತ್ತದೆ. ಇಂಥ ಮಹನೀಯರು ನಮಗೆ ಸಿಕ್ಕದ್ದು ನಮ್ಮ ಭಾಗ್ಯ. ಆದರೆ ಪ್ರತಿಯೊಂದು ಬಡಾವಣೆಗೂ ಒಬ್ಬೊಬ್ಬ ತ್ಯಾಗಿ ಹುಟ್ಟಲೆಂದು ಕಾಯುತ್ತ ಕೂರುವುದು ಯಾವ ನ್ಯಾಯ?

ನೆರೆಯ ಕೇರಳದಲ್ಲಿ ಇದು ಬೇರೆ ರೀತಿಯಲ್ಲಿ ನಡೆಯಿತು. ೧೯೪೫ರಲ್ಲಿ ಪಿ. ಎನ್. ಪಣಿಕ್ಕರ್ ಅವರು ಅಂಬಲಪುಳದಲ್ಲಿ ನಲವತ್ತೇಳು ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಅಲ್ಲಿಯ ಊರ ಗ್ರಂಥಾಲಯಕ್ಕೆ ಊರವರೇ ಸದಸ್ಯರು, ಅವರೇ ಆರಿಸಿದ ಸಮಿತಿ, ಅದಕ್ಕೆ ಹೊರಗಿನಿಂದ ಸಹಾಯಧನ. ಸದಸ್ಯರಿಲ್ಲದ ಗ್ರಂಥಾಲಯವಿಲ್ಲ. ನಮ್ಮಲ್ಲಿ ಕಾನೂನು ಬೇಗ ಬಂತು, ಕರವೂ ಬಂತು. ಓದುಗರ ಸಂಘ ಬರಲಿಲ್ಲ. ಗ್ರಂಥಾಲಯವೆಂದರೆ ಸರ್ಕಾರದ ಒಂದು ಕಚೇರಿ, ಅದರ ಬಾಗಿಲು ತೆರೆದರೆ ಪುಣ್ಯ, ಮುಚ್ಚಿದರೆ ನಮ್ಮ ಹಣೆಬರಹ ಎಂಬ ಭಾವನೆ ಉಳಿದುಕೊಂಡಿತು. ೧೯೪೦ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ ಹೊರಟು ಅಕ್ಷರ ಕಲಿಸುವ ಆಂದೋಲನವನ್ನು ನಡೆಸಿದ್ದರೆಂದೂ, ವಯಸ್ಕರ ಶಿಕ್ಷಣ ಸಮಿತಿಯು ಅದರಿಂದಲೇ ಬೆಳೆಯಿತೆಂದೂ ನೆನೆದರೆ, ನಮ್ಮ ಕಾಲೇಜಿನವರು ಈ ಕೆಲಸಕ್ಕೆ ಹೊರಗಿನವರೇನಲ್ಲ ಎಂದು ತೋರುತ್ತದೆ.

ಹಾಗಾದರೆ ಮೊದಲು ಮಾಡತಕ್ಕದ್ದೇನು? ನನ್ನ ಅಭಿಪ್ರಾಯದಲ್ಲಿ ಪುಸ್ತಕ ಕೂಡಿಸುವುದಲ್ಲ. ಮನೆಮನೆಗೆ ಹೋಗಿ ಪುಸ್ತಕ ಕೇಳಿದರೆ ಬರುವುದೇನೆಂದು ಎಲ್ಲರಿಗೂ ಗೊತ್ತಿದೆ: ಹಳೆಯ ಪಠ್ಯಪುಸ್ತಕಗಳು, ಹತ್ತು ವರ್ಷದ ಹಿಂದಿನ ಪರೀಕ್ಷಾ ಮಾರ್ಗದರ್ಶಿಗಳು, ಗೆದ್ದಲು ಹಿಡಿದ ವಾರಪತ್ರಿಕೆಗಳು. ಕೊಟ್ಟವರ ಬೀರು ಖಾಲಿಯಾಗುತ್ತದೆ, ಗ್ರಂಥಾಲಯ ತುಂಬುವುದಿಲ್ಲ. ಮೊದಲು ಕೂಡಿಸಬೇಕಾದದ್ದು ಓದುಗರನ್ನು. ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರ ಬೋಧನೆಯ ತಿರುಳೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಅವರ ಪ್ರೇರಣೆಯ ಕಾಲದಲ್ಲಿ, ೧೯೩೧ರಲ್ಲಿ, ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೋದರು. ಕಟ್ಟಡವಿಲ್ಲದಿದ್ದರೂ ಗ್ರಂಥಾಲಯ ನಡೆಯಿತು.

ವಿಜಯನಗರದಲ್ಲಿ ಎತ್ತಿನ ಗಾಡಿ ಬೇಕಿಲ್ಲ. ಒಂದು ಉದ್ಯಾನದ ಕಲ್ಲುಬೆಂಚಿನ ಬಳಿ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ನಾಲ್ಕು ಪತ್ರಿಕೆಗಳಿರುವ ಮೇಜು ಸಾಕು. ವಾಯುಸೇವನೆಗೆ ಬಂದ ಹಿರಿಯರು ತಾವಾಗಿ ಕೂರುವರು. ಸಂಜೆ ಅದೇ ಸ್ಥಳದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳಲು ನಮ್ಮಲ್ಲಿ ಇಬ್ಬರು ಬಿಡುವು ಮಾಡಿಕೊಂಡರಾಯಿತು. ಮುಖ್ಯವಾದ ಒಂದು ಕೆಲಸವೆಂದರೆ, ಬಂದವರ ಹೆಸರನ್ನು ದಿನವೂ ಒಂದು ಹಾಜರಿ ಪುಸ್ತಕದಲ್ಲಿ ಬರೆಯಿಸಿಕೊಳ್ಳುವುದು. ಬಡಾವಣೆಗಳನ್ನು ರಚಿಸುವಾಗ ನಾಗರಿಕ ಸೌಲಭ್ಯಗಳಿಗೆಂದು ನಿವೇಶನಗಳನ್ನು ಬಿಡುತ್ತಾರಷ್ಟೆ. ಅವು ಯಾರು ಮೊದಲು ಗಟ್ಟಿಯಾಗಿ ಕೇಳಿದರೋ ಅವರ ಪಾಲಾಗುವುದು ಲೋಕರೂಢಿ. ‘ನಮಗೆ ಗ್ರಂಥಾಲಯ ಬೇಕು’ ಎಂಬ ಇನ್ನೂರು ಸಹಿಗಳ ಅರ್ಜಿಗಿಂತ, ಆರು ತಿಂಗಳು ಇನ್ನೂರು ಜನ ಬಂದು ಹೋದ ಹಾಜರಿ ಪುಸ್ತಕವು ಅಧಿಕಾರಿಗಳ ಮೇಜಿನ ಮೇಲೆ ಹೆಚ್ಚು ಭಾರವಾಗಿ ಕೂರುತ್ತದೆ.

ಹೊತ್ತಿನ ವಿಷಯವನ್ನು ಮಾತ್ರ ಮರೆಯಬಾರದು. ಸಂಜೆ ಐದಕ್ಕೆ ಬೀಗ ಬೀಳುವ ಗ್ರಂಥಾಲಯ ಕೆಲಸ ಮಾಡುವವನಿಗೂ ಇಲ್ಲ, ಕಾಲೇಜಿಗೆ ಹೋಗುವವರಿಗೂ ಇಲ್ಲ. ರಾತ್ರಿ ಎಂಟರವರೆಗೆ ತೆರೆದಿದ್ದು, ದಾರಿಯ ದೀಪ ಉರಿಯದಿದ್ದರೆ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಯೋಜನೆ ಹಾಕುವ ಸಮಿತಿಯಲ್ಲಿ ಗೃಹಿಣಿಯೊಬ್ಬರು, ವಿದ್ಯಾರ್ಥಿನಿಯೊಬ್ಬಳು, ಹಿನಕಲ್ಲಿನ ಕಡೆಯ ಒಬ್ಬರು ಇರದಿದ್ದರೆ ಇಂಥ ಮಾತುಗಳು ಸಭೆಯಲ್ಲಿ ಏಳುವುದೇ ಇಲ್ಲ. ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಚರ್ಚೆಯಲ್ಲಿಯೇ ಸಮಯ ಕಳೆಯುತ್ತದೆ. ಹಳ್ಳಿಗಳ ಪಂಚಾಯಿತಿ ಗ್ರಂಥಾಲಯಗಳಲ್ಲಿ ೨೦೨೦ರ ನವೆಂಬರಿನಿಂದ ‘ಓದುವ ಬೆಳಕು’ ಕಾರ್ಯಕ್ರಮದಂತೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಮಗು ಸದಸ್ಯನಾದರೆ ತಾಯಿ ಒಂದು ಸಲವಾದರೂ ಬಾಗಿಲವರೆಗೆ ಬರುತ್ತಾಳೆ. ಪಟ್ಟಣದವರು ಈ ವಿಷಯದಲ್ಲಿ ಹಳ್ಳಿಯಿಂದ ಕಲಿತರೆ ನಷ್ಟವಿಲ್ಲ.

ಏಪ್ರಿಲ್ ತಿಂಗಳಲ್ಲಿ ಆಸ್ತಿ ತೆರಿಗೆಯನ್ನು ಕಟ್ಟಿದವರಿಗೆ ನೂರಕ್ಕೆ ಐದರ ರಿಯಾಯಿತಿಯುಂಟು. ಆಗ ಮನೆಮನೆಯಲ್ಲೂ ಕಂದಾಯದ ಮಾತು ನಡೆಯುತ್ತಿರುತ್ತದೆ. ಮನೆಯ ಯಜಮಾನರನ್ನು ಕಂಡು ಬಂದ ರಸೀತಿಯನ್ನು ತೆರೆಯಿಸಿ, ಗ್ರಂಥಾಲಯ ಕರವೆಂಬ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ತೋರಿಸಿ ಬರುವುದಕ್ಕೆ ಮನೆಯೊಂದಕ್ಕೆ ಐದು ನಿಮಿಷ ಸಾಕು. ಒಂದು ಬೀದಿಗೆ ಇಬ್ಬರಂತೆ ಹೊರಟರೆ ಮೊದಲನೆಯ ಹಂತದಿಂದ ಆರಂಭಿಸಬಹುದು.