ಪೆಟ್ಟಿಗೆ ಮುಚ್ಚುವ ಮುನ್ನ

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದರ ಬಿಡಿಭಾಗ ಕೇಳಿಕೊಂಡು ಬರುವವರು ಮಾತ್ರ ನಿಂತಿಲ್ಲ, ಅದರಲ್ಲೂ ಹೊರದೇಶದವರು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿ 1950ರ ದಶಕದ ಕೊನೆಗೇ ಕೈಬಿಟ್ಟ ಕಾರು ಇಲ್ಲಿ ಐದು ದಶಕಕ್ಕೂ ಮೀರಿ ತಯಾರಾಯಿತು. ಹಾಗಾಗಿ ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಹಳೆಯ ಆಕ್ಸ್‌ಫರ್ಡನ್ನು ಕಾಪಾಡಿಕೊಂಡು ಬಂದವರಿಗೆ ಗೇರ್‌ಬಾಕ್ಸ್, ಸ್ಟಿಯರಿಂಗ್ ಬಾಕ್ಸ್, ಬಾಗಿಲು, ಬಂಪರ್ ಬೇಕಾದರೆ ಕಣ್ಣು ಇತ್ತ ಹೊರಳುತ್ತದೆ. ವಿಲ್ಲೀಸ್ ಜೀಪು, ಫಿಯಟ್ 1100ರ ಕಥೆಯೂ ಇದೇ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಜೀಪು ಜೋಡಿಸಲು ಶುರುಮಾಡಿದರು. ಮುಂಬೈನ ಪ್ರೀಮಿಯರ್‌ನವರು ಫಿಯಟ್ ಅನ್ನು ಪದ್ಮಿನಿಯಾಗಿ ಬೆಳೆಸಿದರು. ಆ ಕಾರುಗಳ ಭಾಗಗಳು ಇಂದಿಗೂ ಬೆಂಗಳೂರಿನ ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಸಾಲುಗಳಲ್ಲಿ ಹುಡುಕಿದರೆ ಸಿಗುತ್ತವೆ.

ನಮ್ಮದು ಅದೇ ಊರಿನ ಜೆ.ಸಿ. ರಸ್ತೆಯಲ್ಲಿ ಅಪ್ಪ ಹಾಕಿದ ಬಿಡಿಭಾಗದ ಅಂಗಡಿ. ಅಪ್ಪನ ಕಾಲದಲ್ಲಿ ಮೆಕ್ಯಾನಿಕ್ ಹಳೆಯ ಪಾರ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಡುತ್ತಿದ್ದ. ಹೊಸದನ್ನು ಪಕ್ಕದಲ್ಲಿಟ್ಟು, ಹಲ್ಲು ಎಣಿಸಿ, ತಿರುಗಿಸಿ ನೋಡಿ ಒಯ್ಯುತ್ತಿದ್ದ. ಸಮುದ್ರದಾಚೆಯ ಗಿರಾಕಿಗೆ ಆ ಅವಕಾಶವಿಲ್ಲ. ನಾನು ಬರೆದು ಕಳಿಸಿದ್ದನ್ನೇ ಅವರು ನಂಬಬೇಕು. ಅವರಷ್ಟೇ ಅಲ್ಲ, ಪೆಟ್ಟಿಗೆ ಎತ್ತುವ ಹಮಾಲಿ, ವಿಮಾನಕ್ಕೆ ತುಂಬುವವರು, ಕಸ್ಟಮ್ಸ್ ಅಧಿಕಾರಿ, ವಿಮೆಯವರು, ಕೊನೆಗೆ ಆ ಊರಿನಲ್ಲಿ ಪೆಟ್ಟಿಗೆ ತೆರೆಯುವ ಮೆಕ್ಯಾನಿಕ್, ಎಲ್ಲರಿಗೂ ಒಳಗೇನಿದೆ ಎಂದು ಗೊತ್ತಾಗುವುದು ನನ್ನ ಕಾಗದದಿಂದ. ಒಳಗಿರುವುದೂ ಹೊರಗೆ ಬರೆದಿರುವುದೂ ಒಂದೇ ಆಗಿರಬೇಕು. ದುಡ್ಡಿನ ಕ್ಷೇಮ, ಮೈಕೈಯ ಕ್ಷೇಮ ಎರಡೂ ಅಲ್ಲಿಂದಲೇ ಶುರು ಎಂಬುದು ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು.

ಮೊದಲ ಪ್ರಶ್ನೆ, ಕೇಳಿದ ಭಾಗ ಅವರ ಕಾರಿಗೆ ಕೂರುತ್ತದೆಯೇ ಎಂಬುದು. ‘ಅಂಬಾಸಿಡರ್ ಗೇರ್‌ಬಾಕ್ಸ್’ ಎಂದರೆ ಸಾಲದು. 1489 ಸಿಸಿಯ ಹಳೆಯ ಬಿ-ಸೀರೀಸ್ ಎಂಜಿನ್ನಿಗೆ ಜೊತೆಯಾದದ್ದು ಬೇರೆ, 1990ರ ದಶಕದಲ್ಲಿ ಬಂದ 1.8 ಲೀಟರಿನ ಇಸುಜು ಎಂಜಿನ್ನಿನ ಐದು ಗೇರಿನದು ಬೇರೆ. ಆಕ್ಸ್‌ಫರ್ಡ್ ಇಟ್ಟುಕೊಂಡವರಿಗೆ ಎರಡನೆಯದು ಉಪಯೋಗಕ್ಕಿಲ್ಲ. ಊರೊಳಗಾದರೆ ಮರುದಿನ ಬದಲಿಸಿ ಕೊಡಬಹುದು. ನಲವತ್ತು ಕಿಲೋದ ಕಬ್ಬಿಣ ಹಡಗಿನಲ್ಲಿ ಹಿಂದಿರುಗಿ ಬರುವ ಖರ್ಚಿನಲ್ಲಿ ಇಡೀ ವ್ಯಾಪಾರ ಮುಳುಗುತ್ತದೆ. ಅದಕ್ಕೇ ನಾನು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುತ್ತೇನೆ: ಬೆಲ್ ಹೌಸಿಂಗಿನ ತೂತುಗಳ ಅಂತರ, ಶಾಫ್ಟಿನ ಸ್ಪ್ಲೈನ್ ಎಣಿಕೆ, ಎರಕದ ಮೇಲಿನ ನಂಬರು. ಬಿರುಕು, ಬೆಸುಗೆ, ತುಕ್ಕು ಇದ್ದರೆ ಅದರ ಫೋಟೊ ಎಲ್ಲಕ್ಕಿಂತ ಮೊದಲು. ‘ಈ ಚಿತ್ರಗಳನ್ನು ನಿಮ್ಮ ಮೆಕ್ಯಾನಿಕ್ಕಿಗೆ ತೋರಿಸಿ, ಆಮೇಲೆ ಹೇಳಿ’ ಎಂದು ಬರೆಯುತ್ತೇನೆ. ಎಂಜಿನ್ ಬ್ಲಾಕಾದರೆ ಇನ್ನೊಂದು ಜಾಗ್ರತೆ ಬೇಕು. ಅದರ ಮೇಲೆ ನಂಬರಿದೆ, ಆ ನಂಬರು ಯಾವುದೋ ಆರ್‌ಸಿ ಪುಸ್ತಕದಲ್ಲಿದೆ. ಕೊಂಡ ಬಿಲ್ಲು, ಗಾಡಿ ಗುಜರಿಗೆ ಹೋದ ದಾಖಲೆ ಕೈಯಲ್ಲಿಲ್ಲದ ಬ್ಲಾಕನ್ನು ಎಷ್ಟೇ ಬೆಲೆ ಬಂದರೂ ನಾನು ಮುಟ್ಟುವುದಿಲ್ಲ.

ಇನ್ನು ಒಳಗಿನ ದ್ರವ. ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿ, ಅಂದರೆ ಸಂಪಿನ ಡ್ರೈನ್ ಪ್ಲಗ್ ತೆಗೆದು ಒಂದು ಗಳಿಗೆ ಬಿಟ್ಟರೆ ಎಣ್ಣೆಯೆಲ್ಲ ಬರುವುದಿಲ್ಲ. ಒಂದು ರಾತ್ರಿ ಓರೆಯಾಗಿಟ್ಟು, ಬೆಳಿಗ್ಗೆ ತಿರುಗಿಸಿ ಮತ್ತೆ ಬಸಿಯಬೇಕು. ಕಾರ್ಬುರೇಟರು, ಪೆಟ್ರೋಲ್ ಪಂಪಿನಲ್ಲಿ ಉಳಿದ ಹನಿ ಇನ್ನೂ ಅಪಾಯ. ವಿಮಾನ ಸಾಗಣೆಯ ನಿಯಮದಲ್ಲಿ ಪೆಟ್ರೋಲಿನ ಅಂಶ ಇರುವ ಎಂಜಿನ್ ಅಪಾಯಕಾರಿ ಸರಕು. ಪೂರ್ತಿ ಬಸಿದು, ತೊಳೆದು, ಬಾಯಿಗಳಿಗೆಲ್ಲ ಬಿರಡೆ ಹಾಕಿ, ಹಾಗೆ ಮಾಡಿದ್ದೇವೆಂದು ಬರೆದುಕೊಟ್ಟರೆ ಮಾತ್ರ ಸಾಮಾನ್ಯ ಸರಕಾಗಿ ಹೋಗುತ್ತದೆ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಬ್ಯಾಟರಿ, ಹೊಸ ಕಾರುಗಳ ಏರ್‌ಬ್ಯಾಗ್ ಇವಕ್ಕೂ ಪ್ರತ್ಯೇಕ ನಿಯಮಗಳಿವೆ. ಅವನ್ನು ‘ಬಿಡಿಭಾಗ’ ಎಂಬ ಒಂದೇ ಮಾತಿನಲ್ಲಿ ಅಡಗಿಸಿ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ವಿಮಾನದ ಮೇಲಂತಸ್ತಿನಲ್ಲಿ ಜನ ಕೂತಿರುತ್ತಾರೆ.

ಆಸ್ಬೆಸ್ಟಾಸ್, ಅಂದರೆ ಕಲ್ನಾರಿನ ವಿಚಾರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು, ಹೆಡ್ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗಳಲ್ಲಿ ಅದನ್ನು ಧಾರಾಳವಾಗಿ ಬಳಸುತ್ತಿದ್ದರು. ಅದರ ಧೂಳು ಎದೆಗೆ ಹೋದರೆ ದಶಕಗಳ ನಂತರ ಕ್ಯಾನ್ಸರಾಗಿ ಹೊರಬೀಳಬಹುದು. ಬ್ರಿಟನ್ 1999ರಲ್ಲಿ ಅದನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ 2003ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧ, ಆಮದಿಗೂ ಅದೇ ಕಟ್ಟುಪಾಡು. ಅಲ್ಲಿನ ಗಡಿಯವರಿಗೆ ಸಂಶಯ ಬಂದರೆ ಪೆಟ್ಟಿಗೆ ತಡೆದು ಪರೀಕ್ಷೆ ಮಾಡಿಸುತ್ತಾರೆ. ಖರ್ಚು, ದಂಡ ಎರಡೂ ತರಿಸಿಕೊಂಡವರ ತಲೆಯ ಮೇಲೆ. ನಮ್ಮಲ್ಲಿ ಅಂಥ ಕಟ್ಟುನಿಟ್ಟಿಲ್ಲದ್ದರಿಂದ ಅಟ್ಟದ ಮೇಲಿನ ಹಳೆಯ ದಾಸ್ತಾನಿನಲ್ಲಿ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಹೇಳಲು ಸಾಧ್ಯವೇ ಇಲ್ಲ. ಹಾಗಾಗಿ ಹಳೆಯ ಲೈನಿಂಗು, ಕ್ಲಚ್, ಗ್ಯಾಸ್ಕೆಟ್‌ಗಳನ್ನು ನಾನು ಹೊರದೇಶಕ್ಕೆ ಮಾರುವುದನ್ನೇ ಬಿಟ್ಟಿದ್ದೇನೆ. ಜೋಡಿಸಿದ ಎಂಜಿನ್ ಕೇಳಿದರೂ ಬಿಚ್ಚಿ, ಗ್ಯಾಸ್ಕೆಟ್ ತೆಗೆದು, ಬ್ಲಾಕು, ಹೆಡ್ಡು, ಕ್ರ್ಯಾಂಕುಗಳನ್ನು ಬೇರೆಬೇರೆಯಾಗಿಯೇ ಕಳಿಸುವುದು. ಬಿಚ್ಚುವ ಹುಡುಗರಿಗೆ ನನ್ನದೊಂದು ಕಟ್ಟಪ್ಪಣೆ ಇದೆ: ಬ್ರೇಕ್ ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಕೂಡದು. ನೀರು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಬೇಕು, ಮುಖಕ್ಕೆ ತಕ್ಕ ಮಾಸ್ಕ್ ಇರಬೇಕು. ಮೆಲ್ಬರ್ನಿನ ಮೆಕ್ಯಾನಿಕ್ಕಿನ ಎದೆಗೆ ಕೆಟ್ಟದ್ದು ಕಲಾಸಿಪಾಳ್ಯದ ಹುಡುಗನ ಎದೆಗೂ ಕೆಟ್ಟದ್ದೇ.

ಮಣ್ಣಿನ ಬಗ್ಗೆಯೂ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಬಹಳ ಬಿಗಿ. ಆಕ್ಸಲಿನ ಸಂದಿಯಲ್ಲಿ ಮೆತ್ತಿದ ಕೆಮ್ಮಣ್ಣು, ಹುಲ್ಲಿನ ಬೀಜ ಕಂಡರೆ ತೊಳೆಸಿ ಖರ್ಚು ಕೇಳುತ್ತಾರೆ, ಇಲ್ಲವೇ ವಾಪಸು ಕಳಿಸುತ್ತಾರೆ. ಇಲ್ಲೇ ಡೀಸೆಲ್ ಹಾಕಿ ಉಜ್ಜಿ, ಒತ್ತಡದ ನೀರಿನಲ್ಲಿ ತೊಳೆದು, ಒಣಗಿಸುವುದು ಎಷ್ಟೋ ಅಗ್ಗ.

ಪೆಟ್ಟಿಗೆಯ ಮರಕ್ಕೂ ಕಾನೂನುಂಟು. ಹಸಿ ಮರದಲ್ಲಿ ಹುಳ ಕೂತು ದೇಶ ದಾಟಬಾರದೆಂದು ಐಎಸ್‌ಪಿಎಂ-15 ಎಂಬ ಅಂತಾರಾಷ್ಟ್ರೀಯ ನಿಯಮವಿದೆ. ಮರದ ತಿರುಳಿಗೂ 56 ಡಿಗ್ರಿ ಬಿಸಿ 30 ನಿಮಿಷ ತಾಗಿರಬೇಕು. ಹಾಗೆ ಮಾಡಿದ ಮರದ ಮೇಲೆ ಗೋಧಿ ತೆನೆಯ ಮುದ್ರೆ ಬೀಳುತ್ತದೆ. ಪ್ಲೈವುಡ್ಡಿಗೆ ಈ ನಿಯಮವಿಲ್ಲ, ಆದರೆ ಪ್ಲೈವುಡ್ ಪೆಟ್ಟಿಗೆಯ ಅಡಿಗೆ ಹೊಡೆಯುವ ಮರದ ಪಟ್ಟಿಗಳಿಗೆ ಇದೆ. ನಮ್ಮ ಬಡಗಿ ಅದಕ್ಕಾಗಿಯೇ ಮುದ್ರೆಯ ಮರವನ್ನು ಬೇರೆ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ.

ಕಟ್ಟುವ ರೀತಿಯನ್ನು ನನಗೆ ಹೇಳಿಕೊಟ್ಟವರೂ ಅವರೇ. ಭಾರದ ವಸ್ತುವಿಗೆ ಥರ್ಮಾಕೋಲು, ಕಾಗದದ ಉಂಡೆ ಏನೇನೂ ಸಾಲದು. ಎರಡು ಸಲ ಲಾರಿ ಕುಲುಕಿದರೆ ಅವು ಪುಡಿಯಾಗಿ, ಸಡಿಲವಾದ ಗೇರ್‌ಬಾಕ್ಸ್ ಒನಕೆಯ ಹಾಗೆ ಪೆಟ್ಟಿಗೆಯನ್ನು ಒಳಗಿಂದ ಕುಟ್ಟುತ್ತದೆ. ಗೇರ್‌ಬಾಕ್ಸನ್ನು ಅದರದೇ ಮೌಂಟಿಂಗ್ ತೂತುಗಳಿಂದ ಅಡಿಹಲಗೆಗೆ ಬೋಲ್ಟು, ವಾಷರ್ ಹಾಕಿ ಬಿಗಿಯಬೇಕು. ಮೊಳೆ ನಂಬುವಂತಿಲ್ಲ, ಅಲುಗಾಟಕ್ಕೆ ಎದ್ದುಬರುತ್ತದೆ. ಭಾರ ಗಟ್ಟಿ ಎರಕದ ಮೇಲೆ ಕೂರಬೇಕು, ಎಂದಿಗೂ ಸಂಪಿನ ತಗಡಿನ ಮೇಲಾಗಲಿ ಮುಂದೆ ಚಾಚಿದ ಶಾಫ್ಟಿನ ಮೇಲಾಗಲಿ ಅಲ್ಲ. ಕ್ರ್ಯಾಂಕ್ ಶಾಫ್ಟಿಗೆ ಎರಡು ಕಡೆ ಅಚ್ಚಿನಂತೆ ಕೊರೆದ ಮರದ ಆಸರೆ ಕೊಟ್ಟು ಜರ್ನಲ್ಲುಗಳಿಗೆ ಗ್ರೀಸು ಹಚ್ಚಿ ಸುತ್ತಬೇಕು. ಕ್ರೋಮಿನ ಬಂಪರನ್ನೂ ಡಿಫರೆನ್ಷಿಯಲ್ಲನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕುವುದು ಬೇಡ. ಹಡಗಿನ ಕಂಟೇನರಿನೊಳಗೆ ಹಗಲಿನ ಸೆಕೆಗೂ ರಾತ್ರಿಯ ತಂಪಿಗೂ ನಡುವೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ತುಕ್ಕು ತಡೆಯುವ ವಿಸಿಐ ಕಾಗದ ಸುತ್ತಿ, ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಸಿಲಿಕಾ ಜೆಲ್ ಚೀಲ ಇಟ್ಟರೆ ಕಬ್ಬಿಣ ಹೊಳಪಿನಲ್ಲೇ ದಡ ಸೇರುತ್ತದೆ.

ಅಡಿಯಲ್ಲಿ ಫೋರ್ಕ್‌ಲಿಫ್ಟಿನ ಹಲ್ಲು ಹೋಗುವಷ್ಟು, ಹತ್ತು ಸೆಂಟಿಮೀಟರ್‌ನಷ್ಟು ಎತ್ತರದ ಕಾಲು ಇರಲೇಬೇಕು. ಇಲ್ಲದಿದ್ದರೆ ಯಾರೋ ಕೈಯಿಂದ ಎತ್ತಲು ಹೋಗುತ್ತಾರೆ. ನಾಲ್ಕೂ ಬದಿಗೆ ತೂಕ, ಭಾರ ಯಾವ ಕಡೆ ಹೆಚ್ಚಿದೆ ಎಂಬ ಗುರುತು, ಯಾವ ಮೈ ಮೇಲಿರಬೇಕೆಂಬ ಬಾಣ. ನನ್ನ ಕ್ಲಿಯರಿಂಗ್ ಏಜೆಂಟರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: ‘ಸಾರ್, ತೂಕ ಸರಿಯಾಗಿ ಬರೀರಿ. ನೀವು ಬರೆದಿದ್ದು ನೋಡ್ಕೊಂಡೇ ಅಲ್ಲಿ ಹುಡುಗರು ಕೈ ಹಾಕೋದು.’ ಮೂವತ್ತು ಎಂದು ಬರೆದು ಅರವತ್ತು ತುಂಬಿಸಿದರೆ ಒಬ್ಬರ ಸೊಂಟ ಹೋಗುತ್ತದೆ. ಅವರ ಮುಖವನ್ನು ನಾನು ಎಂದೂ ನೋಡಿರುವುದಿಲ್ಲ.

ಬಾಡಿಗೆಯ ಲೆಕ್ಕ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ವಿಮಾನದ ಕೊರಿಯರಿನಲ್ಲಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಸಂಖ್ಯೆ ಮತ್ತು ನಿಜವಾದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 60, 50, 50ರ ಗೇರ್‌ಬಾಕ್ಸ್ ಪೆಟ್ಟಿಗೆಗೆ 30 ಕಿಲೋ ಬರುತ್ತದೆ, ಅಲ್ಲಿ ತಕ್ಕಡಿಯ ತೂಕವೇ ಮೇಲು. 110, 100, 25ರ ಬಾಗಿಲಿನ ಪೆಟ್ಟಿಗೆಗೆ 55 ಬರುತ್ತದೆ. ಅಂದರೆ ಹಗುರವಾದ ಬಾಗಿಲು ಗೇರ್‌ಬಾಕ್ಸಿಗಿಂತ ದುಬಾರಿಯಾಗಿ ಹಾರುತ್ತದೆ. ಹಡಗಿನಲ್ಲಿ ಬೇರೆಯವರ ಸರಕಿನೊಂದಿಗೆ ಕಂಟೇನರ್ ಹಂಚಿಕೊಂಡರೆ ಒಂದು ಘನ ಮೀಟರ್ ಅಥವಾ 1000 ಕಿಲೋ ಎಂಬ ಲೆಕ್ಕ. ವೈಟ್‌ಫೀಲ್ಡಿನ ಒಣ ಬಂದರಿನಿಂದ ಚೆನ್ನೈಗೆ ಹೋಗಿ ಹಡಗು ಹತ್ತುವ ಈ ದಾರಿ ಭಾರದ ಸಾಮಾನಿಗೆ ಹೇಳಿಮಾಡಿಸಿದ್ದು. ಒಂದೇ ತೊಡಕು, ಇಲ್ಲಿಂದ ಹೇಳುವ ಬಾಡಿಗೆ ಚಿಕ್ಕದಾಗಿದ್ದು, ಆ ಕಡೆಯ ಬಂದರಿನಲ್ಲಿ ಇಳಿಸುವ, ಬಿಡಿಸುವ, ಕಾಗದದ ಶುಲ್ಕಗಳು ಸಾಮಾನಿನ ಬೆಲೆಯನ್ನೇ ಮೀರಬಹುದು. ಆ ಪಟ್ಟಿಯನ್ನು ಮೊದಲೇ ತರಿಸಿ ಗಿರಾಕಿಗೆ ಕಳಿಸುವುದು ನನ್ನ ರೂಢಿ. ಅದನ್ನು ನೋಡಿ ಬೇಡವೆಂದವರೂ ಇದ್ದಾರೆ. ಬಂದರಿಗೆ ಹೋಗಿ ಬಿಲ್ಲು ನೋಡಿ ಬೈಯುವುದಕ್ಕಿಂತ ಈಗಲೇ ಬೇಡವೆನ್ನುವುದು ಇಬ್ಬರಿಗೂ ಒಳ್ಳೆಯದು.

ನಮ್ಮ ಕಡೆಯ ಕಾಗದಗಳು ಕಷ್ಟವೇನಲ್ಲ. ಆಮದು-ರಫ್ತು ಕೋಡ್, ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ವರ್ಷಕ್ಕೊಮ್ಮೆ ಕೊಡುವ ಮುಚ್ಚಳಿಕೆಯಾದ ಎಲ್‌ಯುಟಿ, ಹೊರದೇಶದ ಹಣ ಬರುವ ಬ್ಯಾಂಕಿನ ಎಡಿ ಕೋಡನ್ನು ಕಸ್ಟಮ್ಸಿನಲ್ಲಿ ನೋಂದಾಯಿಸಿದ ದಾಖಲೆ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್. ಜಗಳ ಬರುವುದು ಬೆಲೆಯ ವಿಷಯಕ್ಕೆ. ‘ಉಡುಗೊರೆ ಎಂದು ಬರೆಯಿರಿ, ಅರ್ಧ ಬೆಲೆ ತೋರಿಸಿ’ ಎಂದು ಸುಂಕ ಉಳಿಸಲು ಕೇಳುವವರು ಯಾವಾಗಲೂ ಇರುತ್ತಾರೆ. ಅದು ಎರಡೂ ದೇಶದಲ್ಲಿ ಅಪರಾಧ. ಜೊತೆಗೆ, ದಾರಿಯಲ್ಲಿ ಒಡೆದರೆ ವಿಮೆ ಕೇಳುವಾಗ ಆ ಅರ್ಧ ಬೆಲೆಯ ಕಾಗದವೇ ನಮ್ಮೆದುರು ಸಾಕ್ಷಿಯಾಗಿ ನಿಲ್ಲುತ್ತದೆ.

ವಿಮೆಯನ್ನು ಸಾಮಾನ್ಯವಾಗಿ ಸರಕು, ಬಾಡಿಗೆ, ವಿಮೆ ಸೇರಿದ ಮೊತ್ತದ ಮೇಲೆ ಶೇಕಡ 10 ಕೂಡಿಸಿ ಮಾಡಿಸುತ್ತಾರೆ. ಎಲ್ಲ ಅಪಾಯಕ್ಕೂ ಅನ್ವಯಿಸುವ ‘ಎ’ ಷರತ್ತಿನ ಪಾಲಿಸಿಯಲ್ಲೂ ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಪರಿಹಾರವಿಲ್ಲ. ಅದಕ್ಕೇ ತಕ್ಕಡಿಯ ಮೇಲಿನ ಪೆಟ್ಟಿಗೆ, ಬೋಲ್ಟು ಬಿಗಿಯುವ ಹಂತ, ಮುಚ್ಚಳ ಹಾಕುವ ಮುಂಚಿನ ಒಳನೋಟ ಎಲ್ಲದರ ಫೋಟೊ ತೆಗೆದಿಡುತ್ತೇನೆ. ವಿಮಾನ ಸಂಸ್ಥೆ ತಾನಾಗಿ ಹೊರುವ ಹೊಣೆಗೆ ಮಾಂಟ್ರಿಯಲ್ ಒಪ್ಪಂದದ ಮಿತಿಯಿದೆ, ಹಾನಿಯನ್ನು ಸರಕು ಕೈಸೇರಿದ 14 ದಿನದೊಳಗೆ ಬರೆದು ತಿಳಿಸಬೇಕು. ಹಡಗಿನಲ್ಲಿ, ಹೊರಗಿನಿಂದ ಕಾಣದ ಹಾನಿಗೆ ಇರುವುದು ಮೂರೇ ದಿನ. ಪೆಟ್ಟಿಗೆ ಬಂದ ದಿನವೇ ತೆರೆದು ನೋಡಿ ಎಂದು ಗಿರಾಕಿಗೆ ಒತ್ತಿ ಹೇಳುವುದು ಈ ಕಾರಣಕ್ಕೆ.

ದುಡ್ಡಿನ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹಡಗಿನ ಬಿಲ್ ಆಫ್ ಲೇಡಿಂಗ್ ಸರಕಿನ ಒಡೆತನದ ಪತ್ರ. ಅದರ ಮೂಲಪ್ರತಿ ನನ್ನ ಬಳಿ ಇರುವವರೆಗೆ ಅಲ್ಲಿ ಸರಕು ಬಿಡಿಸಲಾಗದು. ಹಾಗಾಗಿ ಅರ್ಧ ಮುಂಗಡ ಪಡೆದು, ಬಾಕಿ ಬಂದ ಮೇಲೆ ಪತ್ರ ಕಳಿಸಬಹುದು. ವಿಮಾನದ ಏರ್‌ವೇ ಬಿಲ್ಲಿಗೆ ಆ ಶಕ್ತಿಯಿಲ್ಲ. ಅಲ್ಲಿ ಪೂರ್ತಿ ಹಣ ಮೊದಲೇ ಬರಬೇಕು. ಹಣ ಕಳಿಸಿದ ಚಿತ್ರ ಬಂದರೆ ಹಣ ಬಂದಂತಲ್ಲ, ನಮ್ಮ ಬ್ಯಾಂಕಿನ ಖಾತೆಗೆ ಜಮೆಯಾಗಬೇಕು. ಕಾರ್ಡಿನಲ್ಲಿ ಕೊಟ್ಟ ಹಣವನ್ನು ತಿಂಗಳುಗಳ ನಂತರವೂ ತಕರಾರು ಹಾಕಿ ಹಿಂದಕ್ಕೆಳೆಯಬಹುದು. ‘ಹೆಚ್ಚಿಗೆ ಕಳಿಸಿದ್ದೇನೆ, ಉಳಿದದ್ದನ್ನು ನನ್ನ ಸಾಗಣೆಯವನಿಗೆ ಕೊಟ್ಟುಬಿಡಿ’ ಎಂದರೆ ಅಲ್ಲಿಗೆ ಮಾತು ನಿಲ್ಲಿಸುವುದೇ ಸರಿ, ಅದು ಹಳೆಯ ಮೋಸ. ನಮ್ಮ ಸಾಲಿನ ವ್ಯಾಪಾರಿಯೊಬ್ಬರ ಇಮೇಲಿಗೆ ಕಳ್ಳರು ಹೊಕ್ಕು, ಖಾತೆ ಬದಲಾಗಿದೆ ಎಂದು ಗಿರಾಕಿಗೆ ಬರೆದರು. ಹಣ ಬೇರೆಲ್ಲೋ ಹೋಯಿತು. ಆ ಇಬ್ಬರೂ ಒಬ್ಬರನ್ನೊಬ್ಬರು ಸಂಶಯಿಸುವಂತಾದದ್ದು ಹಣ ಹೋದದ್ದಕ್ಕಿಂತ ದೊಡ್ಡ ನೋವು. ಅಂದಿನಿಂದ ಖಾತೆಯ ವಿವರವನ್ನು ಫೋನಿನಲ್ಲಿ ಓದಿ ಹೇಳಿಯೇ ಖಚಿತಪಡಿಸುತ್ತೇನೆ.

ಈಚೆಗೆ ಎಲ್ಲಕ್ಕಿಂತ ಹೆಚ್ಚು ಮಾತು ಸುಂಕದ ಬಗ್ಗೆಯೇ ಆಗುತ್ತಿದೆ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಸರಕಿಗಿದ್ದ ವಿನಾಯಿತಿ 2025ರ ಆಗಸ್ಟ್ 29ರಂದು ಕೊನೆಗೊಂಡಿತು. ಜೀಪಿನ ಸಣ್ಣ ಭಾಗ ತರಿಸುತ್ತಿದ್ದವರಿಗೂ ಈಗ ಸುಂಕವುಂಟು. ಮನೆಬಾಗಿಲಿಗೆ ತಲುಪಿಸಿ ಸುಂಕವನ್ನು ಅವರಿಗೇ ಬಿಡುವ ಡಿಎಪಿ ಕರಾರು ಒಂದು, ಸುಂಕವನ್ನೂ ನಾವೇ ಕಟ್ಟುವ ಡಿಡಿಪಿ ಇನ್ನೊಂದು. ಆ ದೇಶದ ದರ ನನ್ನ ಕೈಯಲ್ಲಿಲ್ಲದಿರುವಾಗ ಎರಡನೆಯದನ್ನು ನಾನು ಒಪ್ಪುವುದಿಲ್ಲ. ಸುಂಕಕ್ಕಾಗಿ ಸರಕಿನ ಬಗೆಯನ್ನು ಸೂಚಿಸುವ ಎಚ್‌ಎಸ್ ಕೋಡ್, ಗೇರ್‌ಬಾಕ್ಸಾದರೆ 8708.40, ಜೊತೆಗೆ ಬೆಲೆ, ತೂಕ, ಫೋಟೊ ಇಷ್ಟನ್ನು ಕಳಿಸಿ, ತಮ್ಮ ಊರಿನ ಕಸ್ಟಮ್ಸ್ ಏಜೆಂಟರನ್ನು ಕೇಳಿ ಒಟ್ಟು ಎಷ್ಟಾಗುತ್ತದೆಂದು ಬರೆಯಿರಿ ಎನ್ನುತ್ತೇನೆ. ಅವರ ಉತ್ತರ ಬರುವವರೆಗೆ ಬಡಗಿಗೆ ಪೆಟ್ಟಿಗೆಯ ಅಳತೆ ಕೊಡುವುದಿಲ್ಲ.