ಸವಾರಿ ಕುದುರೆ: ಸುಳಿ ನೋಡಬೇಡಿ, ಕಾಲು ನೋಡಿ

ಚಿಕ್ಕಲಸಂದ್ರ, ಉತ್ತರಹಳ್ಳಿ ಕಡೆಯ ಹೊಲಗಳು ಸೈಟುಗಳಾಗಿ ವರ್ಷಗಳೇ ಕಳೆದವು. ಕನಕಪುರ ರಸ್ತೆಯಲ್ಲಿ ಮುಂದೆ ಇನ್ನೂ ಜಮೀನು ಉಳಿಸಿಕೊಂಡ ಕೆಲವರಿಗೆ ಮಕ್ಕಳ ಸವಾರಿಗೆ ಕುದುರೆ ಕಟ್ಟುವ ಆಸೆ. "ರೇಸು ಬಿಟ್ಟ ಕುದುರೆ ಅಗ್ಗಕ್ಕೆ ಸಿಗುತ್ತಂತೆ, ತರಬಹುದಾ?" ಅಂತ ಕೇಳುತ್ತಾರೆ. ತರಬಹುದು. ಆದರೆ ಎತ್ತು ಕೊಂಡು ಪಳಗಿದ ಕಣ್ಣು ಇಲ್ಲಿ ಸಾಲದು.

ಯಾರಿಗೆ ಯಾವುದು?

ರೇಸಿನ ಕುದುರೆ ಥರೋಬ್ರೆಡ್ ತಳಿ. ಕುಣಿಗಲ್ ಫಾರ್ಮಿನಲ್ಲಿ ಬೆಳೆಸುತ್ತಿದ್ದುದೂ ಇದನ್ನೇ. ತೂಕ ಸುಮಾರು 450 ಕಿಲೋ, ಬಿಸಿ ರಕ್ತ. ಇದಕ್ಕೆ ಗೊತ್ತಿರುವುದು ಓಟ ಒಂದೇ. ಚಪ್ಪಟೆ ಇಂಗ್ಲಿಷ್ ಜೀನು ಹಾಕಿ ನಿಧಾನ ನಡಿಗೆ, ತಿರುವು, ನಿಲುಗಡೆ ಕಲಿಸಲು ನುರಿತ ಸವಾರನಿಗೇ ತಿಂಗಳುಗಳು ಬೇಕು. ಹೊಸದಾಗಿ ಕಲಿಯುವವರಿಗೆ, ಮಕ್ಕಳಿಗೆ ಈಗಾಗಲೇ ಸವಾರಿಯಲ್ಲಿ ಪಳಗಿದ, 8ರಿಂದ 15 ವರ್ಷದ ಸಾಧು ಕುದುರೆಯೇ ಸರಿ. ತಳಿ ಯಾವುದಾದರೂ ಆಗಲಿ.

ನೋಡುವ ಕ್ರಮ

* ಸುಳಿ, ಬಣ್ಣ ಬಿಡಿ. ಸುಳಿಯಿಂದ ಕುದುರೆ ಕುಂಟುವುದಿಲ್ಲ.

* ಬಾಯಿ ಬಿಡಿಸಿ. ಮುಂದಿನ ಹಾಲುಹಲ್ಲು ಎರಡೂವರೆ ವರ್ಷದಿಂದ ಬೀಳತೊಡಗಿ, 5ಕ್ಕೆ ಪೂರಾ ಬಾಯಿ. ಆಮೇಲಿನ ವಯಸ್ಸು ಬರೀ ಅಂದಾಜು. ರೇಸಿನ ಕುದುರೆಗಾದರೆ ಪಾಸ್‌ಪೋರ್ಟ್ ಇರುತ್ತದೆ, ಕೇಳಿ ಪಡೆಯಿರಿ.

* ಮುಂಗಾಲಿನ ಮಂಡಿಯಿಂದ ಕೆಳಗೆ ಹಿಂಬದಿಯ ನಾರನ್ನು ಬೆರಳಲ್ಲಿ ಸವರಿ. ಬಿಲ್ಲಿನಂತೆ ಉಬ್ಬಿದ್ದರೆ, ಬಿಸಿಯಿದ್ದರೆ ಬೇಡ. ರೇಸಿನಲ್ಲಿ ಹೆಚ್ಚು ಪೆಟ್ಟು ತಿನ್ನುವ ಜಾಗ ಇದು.

* ಗಟ್ಟಿ ನೆಲದಲ್ಲಿ, ಹಗ್ಗ ಸಡಿಲ ಬಿಟ್ಟು ಹಗುರವಾಗಿ ಓಡಿಸಿ. ನೋವಿನ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ.

* ಮೊದಲು ಮಾರುವವನ ಆಳೇ ಜೀನು ಹಾಕಿ ಹತ್ತಲಿ. ಆಮೇಲೆ ನೀವು, ತಲೆಗೆ ಹೆಲ್ಮೆಟ್ ಹಾಕಿಕೊಂಡು. ಸ್ಕೂಟರ್, ಲಾರಿ ಪಕ್ಕ ಹೋದಾಗ ಏನು ಮಾಡುತ್ತದೆ ನೋಡಿ. ನಮ್ಮ ರಸ್ತೆಗಳಿಗೆ ಇದೇ ದೊಡ್ಡ ಪರೀಕ್ಷೆ.

* ಇನ್ನೊಂದು ದಿನ ಹೇಳದೆ ಹೋಗಿ. ನೋವಿನ ಮಾತ್ರೆ, ಮಂಪರು ಮದ್ದು ಕೊಟ್ಟು ತೋರಿಸುವವರೂ ಉಂಟು.

ರಕ್ತಪರೀಕ್ಷೆ ಬಿಡಬೇಡಿ

ಗ್ಲಾಂಡರ್ಸ್ ಮನುಷ್ಯರಿಗೂ ಹರಡುವ ರೋಗ. ಖಚಿತವಾದರೆ ಮದ್ದು ಮಾಡುವಂತಿಲ್ಲ, ಕಾನೂನಿನಂತೆ ಕುದುರೆಯನ್ನು ಕೊಲ್ಲಲೇಬೇಕು. ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆಯಿದೆ. ಮಾದರಿ ಕಳಿಸಲು ಪಶುವೈದ್ಯರಿಗೆ ಹೇಳಿ. ವರದಿ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಕಾಲು ನೋಡುವ ವೈದ್ಯರು ಮಾರುವವನ ಕಡೆಯವರಾಗಿರಬಾರದು.

ಸಾಕುವ ಲೆಕ್ಕ

450 ಕಿಲೋ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣ ಲೆಕ್ಕದ ಆಹಾರ ಬೇಕು. ಅರ್ಧಕ್ಕಿಂತ ಹೆಚ್ಚು ಹುಲ್ಲೇ ಇರಬೇಕು. ವರ್ಷಕ್ಕೆ ಮೂರೂವರೆ ಟನ್ನು! ನೀರು 25ರಿಂದ 40 ಲೀಟರ್. ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಹೊಟ್ಟೆ ಚಿಕ್ಕದು, ವಾಂತಿ ಮಾಡಲಾರದು. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಒಮ್ಮೆಗೇ ಧಾನ್ಯ ಸುರಿದರೆ ಹೊಟ್ಟೆಶೂಲೆ, ಅದರಿಂದ ಸಾವೂ ಬಂದೀತು. ಕೋಳಿ ಆಹಾರ ತಾಗಿಸಲೇಬೇಡಿ: ಅದರಲ್ಲಿ ಬೆರೆಸುವ ಮೊನೆನ್ಸಿನ್‌ನಂಥ ಮದ್ದು ಕುದುರೆಗೆ ವಿಷ. 5-6 ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕೆತ್ತಿಸಬೇಕು. ಧನುರ್ವಾಯು ಲಸಿಕೆ ತಪ್ಪಿಸಬಾರದು.

ಕುದುರೆ 25 ವರ್ಷ ಬದುಕಬಲ್ಲುದು. ಆರು ವರ್ಷದ್ದನ್ನು ತಂದರೆ ಮುಂದೆ ಹತ್ತೊಂಬತ್ತು ವರ್ಷದ ಮೇವು ನಿಮ್ಮ ಹೆಗಲಿಗೆ. ಅದು ಹಾಲು ಕೊಡುವುದಿಲ್ಲ, ನಿಮ್ಮ ಹೊಲ ಉಳುವುದೂ ಇಲ್ಲ. ಮಕ್ಕಳ ಆಸೆ ಆರು ತಿಂಗಳಿಗೆ ಇಳಿದರೆ ಮೂಕಪ್ರಾಣಿ ಕೈಯಿಂದ ಕೈಗೆ ಮಾರಾಟವಾಗಿ ಸೊರಗುತ್ತದೆ. ಆದ್ದರಿಂದ ಮೊದಲು ಆರು ತಿಂಗಳು ಸವಾರಿ ಶಾಲೆಗೆ ಹೋಗಿ ಕಲಿಯಲಿ. ಆಮೇಲೂ ಬೆಳಿಗ್ಗೆ ಐದಕ್ಕೆದ್ದು ಲಾಯದ ಲದ್ದಿ ಬಳಿಯಲು ಮನಸ್ಸಿದ್ದರೆ, ಆಗ ಕುದುರೆ ನೋಡಲು ಹೊರಡಿ.